ಓಣಿಯ ಹಬ್ಬ, ಊರಿನ ನೀರು

ಕನ್ನಡದಲ್ಲಿ ‘ಬೆರಕೆ’ ಎಂಬ ಪದಕ್ಕೆ ಮರ್ಯಾದೆ ಸಿಗುವುದು ಅಡುಗೆಮನೆಯಲ್ಲಿ ಮಾತ್ರ, ಅದೂ ಹಳೇ ಮೈಸೂರಿನ ಕಡೆಯ ಬೆರಕೆ ಸೊಪ್ಪಿನ ಸಾರಿನಲ್ಲಿ. ಉಳಿದೆಡೆ ಅದು ಬೈಗುಳ. ಹಾಲಿಗೆ ನೀರು ಸೇರಿದರೆ ಕಲಬೆರಕೆ, ಬೀಜಕ್ಕೆ ಬೇರೆ ಬೀಜ ಸೇರಿದರೆ ಕಲಬೆರಕೆ, ಮನುಷ್ಯರ ಬಗ್ಗೆ ಆಡಿದರಂತೂ ಜಗಳವೇ. ಇನ್ನೊಂದು ತುದಿಗೆ ಹೋದರೆ ವೇದಿಕೆಯ ಪದಗಳಿವೆ: ಸೌಹಾರ್ದ, ಭಾವೈಕ್ಯ, ಸಮನ್ವಯ. ಇವನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ. ಬೇರೆ ಬೇರೆ ಕಡೆಯಿಂದ ಬಂದು ಒಂದೇ ಊರಿನಲ್ಲಿ ಬೆಳೆದು ನಿಂತ ಸಂಗತಿಯನ್ನು ಕರೆಯಲು ಬೈಗುಳಕ್ಕೂ ಭಾಷಣಕ್ಕೂ ನಡುವೆ ನಮಗೊಂದು ಸಾದಾ ಪದವಿಲ್ಲ.

ಅಮೆರಿಕದ ಲೂಸಿಯಾನಾದಲ್ಲಿ ಅಂಥ ಪದವೊಂದಿದೆ, ‘ಕ್ರಿಯೋಲ್’. ಆಫ್ರಿಕ, ಫ್ರಾನ್ಸ್, ಸ್ಪೇನ್, ಕೆರಿಬಿಯನ್ ದ್ವೀಪಗಳು, ಅಲ್ಲಿಯ ಮೂಲನಿವಾಸಿಗಳು, ಇಷ್ಟೂ ಕಡೆಯದು ಕೂಡಿ ಆದ ಊಟಕ್ಕೆ, ಸಂಗೀತಕ್ಕೆ, ಮಂದಿಗೆ ಆ ಹೆಸರು. ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಎಂಬ ಓಣಿಯಲ್ಲಿ ಗಂಬೋ ಎಂಬ ಸಾರಿನ ಹೆಸರಿನಲ್ಲೇ ಒಂದು ಹಬ್ಬ ನಡೆಯುತ್ತದೆ. ಪ್ರವೇಶ ಉಚಿತ. ಗಂಬೋ ಎಂಬ ಶಬ್ದ ಬಂದದ್ದು ಬೆಂಡೆಕಾಯಿಯ ಆಫ್ರಿಕನ್ ಹೆಸರಿನಿಂದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕ್ರಿಯೋಲ್ ಎಂಬ ಪದದ ಬೇರು. ಅದು ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳ ‘ಸಾಕು, ಬೆಳೆಸು’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅಂದರೆ ಮೂಲದಲ್ಲಿ ಕ್ರಿಯೋಲ್ ಎಂದರೆ ಬೆರೆತದ್ದು ಎಂದಲ್ಲ, ಇಲ್ಲೇ ಸಾಕಿ ಬೆಳೆಸಿದ್ದು ಎಂದು. ಬೆರೆತದ್ದು ಎಂದಾಗ ನಾವು ಯಾವುದು ಎಲ್ಲಿಯದು ಎಂದು ಲೆಕ್ಕ ಹಾಕುತ್ತೇವೆ. ಸಾಕಿದ್ದು ಎಂದಾಗ ಏಳುವ ಪ್ರಶ್ನೆಯೇ ಬೇರೆ. ಸಾಕಿದವರು ಯಾರು? ಯಾರ ದುಡಿಮೆಯಿಂದ?

ಈ ಪ್ರಶ್ನೆಯನ್ನು ನಾನು ಕೇಳಬೇಕಾಗಿ ಬಂದದ್ದು ಲೂಸಿಯಾನಾದ ಬಗ್ಗೆ ಅಲ್ಲ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳ ಮೊಹರಂ ಬಗ್ಗೆ. ಸಂಶೋಧನೆಯ ನೆಪದಲ್ಲಿ ಈ ತಾಲೂಕುಗಳಲ್ಲಿ ತಿರುಗಿದವಳಿಗೆ ಇದಕ್ಕಿಂತ ಹತ್ತಿರದ ಕ್ರಿಯೋಲ್ ಹಬ್ಬ ಬೇರೆ ಕಂಡಿಲ್ಲ. ಟಿಕೆಟ್ಟಿಲ್ಲ, ಆಮಂತ್ರಣವಿಲ್ಲ. ಓಣಿಯೇ ಮಂಟಪ. ಚಂದ್ರ ಕಂಡ ಮೇಲೆ ಮಸೀದಿಯ ಮುಂದೆ ಗುದ್ದಲಿ ಹಾಕಿ ಅಲಾಯಿ ಕುಣಿ ತೋಡುತ್ತಾರೆ. ಪೆಟ್ಟಿಗೆಯಲ್ಲಿ ವರ್ಷವಿಡೀ ಮಲಗಿದ್ದ ಪಂಜಾಗಳನ್ನು ತೊಳೆದು, ಬಣ್ಣಬಣ್ಣದ ಬಟ್ಟೆ ಉಡಿಸಿ ಕೂರಿಸುತ್ತಾರೆ. ‘ದೇವರು ಕುಂತಾವು’ ಎನ್ನುತ್ತಾರೆ ಮಂದಿ, ಇದರಲ್ಲಿ ಯಾವ ಧರ್ಮಶಾಸ್ತ್ರದ ಗೊಂದಲವೂ ಅವರಿಗಿಲ್ಲ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಜೋಳಿಗೆ ಹಿಡಿದು ಮನೆಮನೆ ಬೇಡುತ್ತಾರೆ. ಹೀಗೆ ಫಕೀರರಾದವರಲ್ಲಿ ಲಿಂಗಾಯತರ ಮನೆಯ ಹುಡುಗನಿರುತ್ತಾನೆ, ಕುರುಬರ ಹುಡುಗನಿರುತ್ತಾನೆ. ಹುಲಿವೇಷದವನು ಬರುತ್ತಾನೆ, ಮಕ್ಕಳನ್ನು ಹೆದರಿಸಲು ಅಳ್ಳೊಳ್ಳಿ ಬವ್ವ ಬರುತ್ತಾನೆ. ಕೆಲವು ಊರುಗಳಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲ. ಅಲ್ಲಿಯೂ ಹಬ್ಬ ನಿಲ್ಲುವುದಿಲ್ಲ, ಓದಿಕೆಗೆ ಪಕ್ಕದ ಊರಿನಿಂದ ಮುಲ್ಲಾನನ್ನು ಕರೆಸಿಕೊಳ್ಳುತ್ತಾರೆ.

ಊಟದ ಮಾತು ಹೇಳಲೇಬೇಕು. ಮೊಹರಂ ಎಂದರೆ ಚೊಂಗೆ. ಗೋದಿಹಿಟ್ಟಿನ ತೆಳು ರೊಟ್ಟಿಯ ಮೇಲೆ ಹಲ್ಲುಹಲ್ಲಾಗಿ ಅಚ್ಚೊತ್ತಿ, ಬೆಲ್ಲ, ಗಸಗಸೆ ಹಾಕಿದ್ದು. ಜೊತೆಗೆ ಮಾದಲಿ, ಬೆಲ್ಲದ ಶರಬತ್ತು. ಸಕ್ಕರೆ ‘ಓದಿಸುವುದು’ ಬೇರೆ ಇದೆ, ಅದನ್ನು ಓದಿಸದ ಜಾತಿ ಊರಿನಲ್ಲಿ ಕಡಿಮೆ. ಉಳಿದ ದಿನಗಳ ಊಟವೂ ಅಷ್ಟೇ ದೂರದಿಂದ ಬಂದದ್ದು. ನಮ್ಮ ಹೆಮ್ಮೆಯ ಬಿಳಿಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದ ಸೂಡಾನ್ ಕಡೆಯಲ್ಲಿ ಮೊದಲು ಕೃಷಿಗೆ ಬಂದ ಬೆಳೆ. ಸಜ್ಜೆಯೂ ಆಫ್ರಿಕದ್ದು. ಗುರೆಳ್ಳು ಇಥಿಯೋಪಿಯದ್ದು. ಶೇಂಗಾ ಮತ್ತು ಮೆಣಸಿನಕಾಯಿ ಪೋರ್ಚುಗೀಸರ ಕಾಲದ ಹಡಗುಗಳಿಂದಾಚೆಗೆ ಬಂದ ಅಮೆರಿಕ ಖಂಡದ ಬೆಳೆಗಳು. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೇಲೊಂದಿಷ್ಟು ಕೆಂಪು ಖಾರ. ತಟ್ಟೆಯಲ್ಲಿ ಅಪ್ಪಟ ಈ ಉಪಖಂಡದ್ದು ಎನ್ನಲು ಎಣ್ಣೆಗಾಯಿಯ ಬದನೆ ಉಳಿದೀತು. ಇಷ್ಟಾದರೂ ಜೋಳದ ರೊಟ್ಟಿಯನ್ನು ಯಾರೂ ಬೆರಕೆ ಎನ್ನುವುದಿಲ್ಲ. ನೆಲ ಸಾಕಿದ್ದನ್ನು ನೆಲದ್ದೇ ಎಂದು ಒಪ್ಪಿಕೊಳ್ಳುವುದರಲ್ಲಿ ನಾಲಗೆಗೆ ಇರುವ ಔದಾರ್ಯ ತಲೆಗೆ ಇಲ್ಲ.

ಮಂದಿಯೂ ಹಾಗೆಯೇ ಬಂದವರು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ (1627–1656) ವಿಜಯಪುರದ ಪ್ರಬಲ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕ ಮೂಲದ ಹಬಶಿ. ಆ ಕಾಲದ ಬಿಜಾಪುರ ಶೈಲಿಯ ಚಿತ್ರಗಳಲ್ಲಿ ಅವನನ್ನು ಇವತ್ತಿಗೂ ನೋಡಬಹುದು. ಮೊಹರಂ ಇಲ್ಲಿ ಬೇರುಬಿಟ್ಟದ್ದರ ಹಿಂದೆಯೂ ಶಿಯಾ ಪಂಥವನ್ನು ಒಪ್ಪಿದ ಆದಿಲ್ ಶಾಹಿ ಅರಸರಿದ್ದಾರೆ. ಶಾಲೆಯ ಪುಸ್ತಕ ಎರಡು ಧರ್ಮಗಳ ಕಾಳಗವೆಂದು ಕಲಿಸಿದ 1565ರ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಬಹುಕಾಲ ಮುದ್ದೇಬಿಹಾಳ ತಾಲೂಕಿನಲ್ಲೇ ಇತ್ತು. ಅದೇ ಸೀಮೆಯಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರನ್ನು ಕಂಡರೆ ಇತಿಹಾಸದ ಪುಸ್ತಕಕ್ಕೂ ಓಣಿಗೂ ಮಾತುಕತೆಯೇ ಇಲ್ಲವೇನೋ ಅನಿಸುತ್ತದೆ. ಕೃಷ್ಣೆ ದಾಟಿ ಮುದಗಲ್ಲಿಗೆ ಹೋದರೆ ಇದೇ ಹಬ್ಬ ದೊಡ್ಡ ಜಾತ್ರೆಯಷ್ಟು ಹಿಗ್ಗಿರುತ್ತದೆ. ನನಗೆ ಚಿಕ್ಕ ಊರುಗಳ ಹಬ್ಬವೇ ಇಷ್ಟ, ಅಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ.

ಭಾಷೆ ಮಾಡಿದ ಒಂದು ಕೆಲಸವನ್ನಂತೂ ನಾನು ಎಷ್ಟು ಸಲ ನೆನೆದರೂ ಸಾಲದು. ಒಂಬತ್ತನೆಯ ರಾತ್ರಿಗೆ ಹಳ್ಳಿಯಲ್ಲಿ ‘ಕತ್ತಲ ರಾತ್ರಿ’ ಎನ್ನುತ್ತಾರೆ. ಮೂಲದಲ್ಲಿ ಅದು ಕತಲ್ ರಾತ್ರಿ, ಅರಬ್ಬಿಯಲ್ಲಿ ಕತಲ್ ಎಂದರೆ ಕೊಲೆ. ಕನ್ನಡದ ಕಿವಿ ಆ ಕೊಲೆಯನ್ನು ಕೇಳಿ ಕತ್ತಲು ಎಂದುಕೊಂಡಿತು. ಇದನ್ನು ತಪ್ಪು ಉಚ್ಚಾರ ಎನ್ನುವವರಿದ್ದಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಆದ ಕೊಲೆಯೊಂದು ಸಾವಿರಾರು ಮೈಲಿ ದಾಟಿ ಬರುವಷ್ಟರಲ್ಲಿ ಕತ್ತಲಾಗಿ ಉಳಿದರೆ ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಅಂದಿನ ರಾತ್ರಿ ರಿವಾಯತ್ ಹಾಡುಗಳು ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುತ್ತವೆ. ಪ್ರವಾದಿಯ ಮೊಮ್ಮಗ ಹುಸೇನ್, ಅವರ ಜೊತೆಗಿದ್ದ ಹೆಂಗಸರು, ಮಕ್ಕಳು, ಸುತ್ತುವರಿದ ಸೈನ್ಯ. ಪಕ್ಕದಲ್ಲೇ ಯೂಫ್ರೆಟಿಸ್ ಹೊಳೆ ಹರಿಯುತ್ತಿದೆ, ಕುಡಿಯಲು ಬಿಡುವುದಿಲ್ಲ. ಕೈಗೂಸಿನ ಗಂಟಲೂ ಒಣಗಿದೆ. ಈ ಹಾಡು ಇಲ್ಲಿ ಹತ್ತಿದ್ದಕ್ಕೆ ಅರಸರ ಪಂಥವೊಂದೇ ಕಾರಣವಲ್ಲ ಎಂದು ನನ್ನ ಊಹೆ. ಇದು ಬರದ ನಾಡು. ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ, ಮುದ್ದೇಬಿಹಾಳ, ಬಾಗೇವಾಡಿಗಳ ಅಂಚಿಗೆ ಕೃಷ್ಣೆ. ನಡುವೆ ಹರಿಯುವ ಡೋಣಿಯ ನೀರು ಉಪ್ಪು, ಬೆಳೆಗೆ ಮಣ್ಣು ಕೊಡುವ ಹೊಳೆ ಗಂಟಲಿಗೆ ಆಗಿಬರುವುದಿಲ್ಲ. ಹೊಳೆ ಕಣ್ಣಿಗೆ ಕಾಣುತ್ತದೆ, ನೀರು ಬಾಯಿಗೆ ಸಿಗುವುದಿಲ್ಲ ಎಂಬುದು ಈ ನೆಲದವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಹುಸೇನರ ದಾಹ ಇಲ್ಲಿ ಪರದೇಶಿಯಾಗಲಿಲ್ಲ. ಶರಬತ್ತು ಹಂಚುವುದು ಅದಕ್ಕೇ.

ಹಬ್ಬದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಭಾವೈಕ್ಯದ ತೇರು ಎಳೆಯುತ್ತಾರೆ. ಅವರ ಒಳ್ಳೆಯ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಈ ಹಬ್ಬ ಇಸ್ಲಾಮಿನದಲ್ಲ ಎಂದು ಒಂದು ಕಡೆಯವರು, ನಮ್ಮದಲ್ಲ ಎಂದು ಇನ್ನೊಂದು ಕಡೆಯವರು ಹುಡುಗರನ್ನು ಹಿಂದಕ್ಕೆಳೆಯುವ ಕಾಲದಲ್ಲಿ ಹಾಗೆ ಬರೆಯುವುದಕ್ಕೂ ಧೈರ್ಯ ಬೇಕು. ಆದರೂ ಭಾವೈಕ್ಯ ಎಂಬ ಪದ ಮೊದಲೇ ಇಬ್ಬರನ್ನು ಬೇರೆ ಬೇರೆ ನಿಲ್ಲಿಸಿ ಆಮೇಲೆ ಕೈಕುಲುಕಿಸುತ್ತದೆ. ಓಣಿಯಲ್ಲಿ ನಾನು ಕಂಡದ್ದು ಕೈಕುಲುಕುವಿಕೆಯಲ್ಲ, ಹಂಚಿಕೆ. ಕುಣಿ ತೋಡುವವರ ಮನೆತನ ಗೊತ್ತು, ಎಣ್ಣೆ ಕೊಡುವ ಮನೆ ಗೊತ್ತು, ಪಂಜಾ ಹೊರುವ ಮನೆ ಗೊತ್ತು, ತಾಬೂತಿಗೆ ಬಿದಿರು ಸೀಳಿ ಬಣ್ಣದ ಕಾಗದ ಅಂಟಿಸುವ ಕೈ ಗೊತ್ತು. ಇಲ್ಲಿ ಇಬ್ಬರಲ್ಲ, ಹದಿನೆಂಟು ಜಾತಿ ಇದೆ. ಒಬ್ಬೊಬ್ಬರಿಗೂ ಒಂದೊಂದು ಪಾಲು. ಅದೇ ಹಬ್ಬದ ಬಲ. ಅದರ ತೊಡಕೂ ಅದರಲ್ಲೇ ಇದೆ.

ಯಾಕೆಂದರೆ ಹಲಗಿ ಬಾರಿಸುವವರ ಕೇರಿಯೂ ಗೊತ್ತು. ಅದು ಯಾವತ್ತೂ ಊರ ಹೊರಗಿನ ಕೇರಿ. ಹಲಗಿಯಿಲ್ಲದೆ ಹೆಜ್ಜೆಯಿಲ್ಲ, ಹೆಜ್ಜೆಯಿಲ್ಲದೆ ಮೊಹರಂ ಇಲ್ಲ. ಬಾರಿಸುವವನು ಕುಣಿಯ ಹತ್ತಿರವೇ ನಿಲ್ಲುತ್ತಾನೆ, ಬೆಂಕಿಗೆ ಚರ್ಮ ಕಾಸಿಕೊಳ್ಳುತ್ತಾನೆ, ನೀರಡಿಕೆಯ ಹಾಡಿಗೆ ತಾಳ ಹಾಕುತ್ತಾನೆ. ಮರುದಿನ ಊರಿನ ಬಾವಿಯ ಕಟ್ಟೆ ಹತ್ತಲು ಅವನ ಅಜ್ಜನಿಗೆ ಹಕ್ಕಿರಲಿಲ್ಲ. ಹಂಚುವ ತಿನಿಸನ್ನೇ ನೋಡಿ. ಸಕ್ಕರೆ, ಬೆಲ್ಲ, ಕೊಬ್ಬರಿ, ಒಣಗಿದ ಸಿಹಿ. ಮಡಿಮೈಲಿಗೆಯ ಹಳೆಯ ಲೆಕ್ಕದಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ಸುಲಭವಾಗಿ ದಾಟಬಲ್ಲ ಪದಾರ್ಥಗಳು ಇವೇ. ಅನ್ನ, ಸಾರು ಅಷ್ಟು ಸಲೀಸಾಗಿ ದಾಟುತ್ತಿರಲಿಲ್ಲ. ನೀರಂತೂ ಎಲ್ಲಕ್ಕಿಂತ ಕಷ್ಟ. ಹುಸೇನರಿಗೆ ನೀರು ಕೊಡದವರನ್ನು ಶಪಿಸಿ ರಾತ್ರಿಯಿಡೀ ಅತ್ತ ಊರು ಬೆಳಗಾದರೆ ತನ್ನದೇ ಹಲಗಿಯವನಿಗೆ ಮೇಲಿನಿಂದ ನೀರು ಹೊಯ್ಯುತ್ತಿತ್ತು.

ಹಾಗಾದರೆ ಆ ಅಳು ಸುಳ್ಳೇ?

ಪ್ಲುಟಾರ್ಕ್ ಒಂದು ಪ್ರಸಂಗ ಹೇಳುತ್ತಾನೆ. ಫೆರೆ ಎಂಬ ಗ್ರೀಕ್ ಪಟ್ಟಣದ ಕ್ರೂರ ದೊರೆ ಅಲೆಕ್ಸಾಂಡರ್ (ನಮಗೆ ಗೊತ್ತಿರುವ ಅಲೆಕ್ಸಾಂಡರ್ ಅಲ್ಲ) ಟ್ರಾಯ್ ನಗರದ ಹೆಂಗಸರ ದುಃಖದ ನಾಟಕ ನೋಡುತ್ತಿದ್ದವನು ನಡುವೆ ಎದ್ದುಹೋದ. ತಾನು ಕೊಲ್ಲಿಸಿದ ಯಾರ ಮೇಲೂ ಕರುಣೆ ತೋರದವನು ಹೆಕ್ಯೂಬಾಳಿಗಾಗಿ ಅಳುವುದನ್ನು ಪ್ರಜೆಗಳು ಕಂಡಾರು ಎಂಬ ನಾಚಿಕೆಯಿಂದ ಎದ್ದನಂತೆ. 18ನೆಯ ಶತಮಾನದಲ್ಲಿ ರೂಸೋ ನಾಟಕದ ವಿರುದ್ಧ ಬರೆಯುವಾಗ ಈ ಪ್ರಸಂಗವನ್ನು ಎತ್ತಿಕೊಂಡ. ದೂರದವರಿಗಾಗಿ ಸುರಿಸುವ ಕಣ್ಣೀರಿಗೆ ಖರ್ಚಿಲ್ಲ, ಅತ್ತು ಮುಗಿಸಿದವನು ತನ್ನ ಕರ್ತವ್ಯ ಮುಗಿಯಿತೆಂದು ಮನೆಗೆ ಹೋಗುತ್ತಾನೆ ಎಂಬುದು ಅವನ ತಕರಾರು. ಮೊಹರಂಗೂ ಇದೇ ಮಾತು ಹೇಳಬಹುದು. ದಲಿತ ಚಳವಳಿಯ ಗೆಳೆಯರು ಇದನ್ನೇ ಇನ್ನೂ ಖಾರವಾಗಿ ಹೇಳಿದ್ದನ್ನು ಕೇಳಿದ್ದೇನೆ: ನಿಮ್ಮ ಸೌಹಾರ್ದದ ಹಬ್ಬದಲ್ಲಿ ನಮ್ಮ ಪಾಲಿಗೆ ಬಂದದ್ದು ಚಾಕರಿ.

ಈ ಮಾತನ್ನು ಪಕ್ಕಕ್ಕೆ ಸರಿಸಿ ಹಬ್ಬವನ್ನು ಹೊಗಳುವುದು ನನ್ನಿಂದಾಗದು. ಆದರೆ ರೂಸೋನ ತೀರ್ಮಾನಕ್ಕೂ ಒಪ್ಪಿಗೆಯಿಲ್ಲ. ಆ ದೊರೆ ಎದ್ದುಹೋದದ್ದು ಯಾಕೆ ಎಂಬುದನ್ನು ರೂಸೋ ಇನ್ನಷ್ಟು ಯೋಚಿಸಬೇಕಿತ್ತು. ನಾಟಕ ಅವನ ಬಗ್ಗೆ ಅವನಿಗಿಂತ ಹೆಚ್ಚು ತಿಳಿದಿತ್ತು, ಕುಳಿತಿದ್ದರೆ ಸಿಕ್ಕಿಬೀಳುತ್ತಿದ್ದ. ಹಬ್ಬಕ್ಕೂ ಇಂಥದೇ ಒಂದು ತಿಳಿವಳಿಕೆ ಇರುತ್ತದೆ, ಆಚರಿಸುವವರ ತಿಳಿವಳಿಕೆಗಿಂತ ಮುಂದಿನದು. ನೀರು ತಡೆದವನು ಪಾಪಿ ಎಂದು ಒಂದು ಊರು ವರ್ಷಕ್ಕೊಮ್ಮೆ, ಮಕ್ಕಳಿಗೂ ಕೇಳುವಂತೆ, ಗಟ್ಟಿಯಾಗಿ ಹಾಡುತ್ತದೆ. ಆ ಊರು ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಬಾಯಿಪಾಠ ಮಾಡಿ ಕಾಪಾಡಿಕೊಂಡು ಬಂದಿದೆ. ಸಾಕ್ಷಿ ಇದ್ದರಾಯಿತೇ, ತೀರ್ಪು ಬೇಡವೇ ಎಂದು ಕೇಳಿದರೆ, ಬೇಕು. ತೀರ್ಪು ಹಬ್ಬದಿಂದ ಬರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದದ್ದು ಯಾವ ಹಬ್ಬದ ಅಂಗವಾಗಿಯೂ ಅಲ್ಲ. ಹಾಗಿದ್ದೂ ಆ ಕೆರೆಯ ಕಥೆಯನ್ನು ಕರ್ಬಲಾದ ಹಾಡು ಕೇಳಿ ಬೆಳೆದ ಹುಡುಗನಿಗೆ ಹೇಳಿದಾಗ ಅವನಿಗೆ ಅದು ಹೊಸದಾಗಿ ತಿಳಿಸಬೇಕಾದ ನ್ಯಾಯವಾಗಿರಲಿಲ್ಲ. ನ್ಯಾಯ ಗೊತ್ತೇ ಇತ್ತು, ವಿಳಾಸವಷ್ಟೇ ತಪ್ಪಿತ್ತು.

ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ನೆನಪು ಈ ವಿಷಯದಲ್ಲಿ ಸುಮ್ಮನಿರಲು ಬಿಡುವುದಿಲ್ಲ. ಅವರ ಕಾಲದ ಶರಣರು ಉಚಿತ ಊಟಕ್ಕೆ ದಾನ ಎನ್ನಲಿಲ್ಲ, ದಾಸೋಹ ಎಂದರು. ದಾನದಲ್ಲಿ ಕೊಡುವವನ ಕೈ ಮೇಲೆ, ದಾಸೋಹದಲ್ಲಿ ಕೊಡುವವನೇ ದಾಸ. ಜಾತ್ರೆಗಳಲ್ಲಿ ಇವತ್ತು ಲಕ್ಷಗಟ್ಟಲೆ ರೊಟ್ಟಿ ಬಡಿದು ಹಂಚುವಾಗ ಆ ಪದ ಉಳಿದಿದೆ, ಅದರ ವ್ಯಾಕರಣ ಎಷ್ಟು ಉಳಿದಿದೆಯೋ ಕಾಣೆ. ಇನ್ನೂ ಮುಖ್ಯವಾದದ್ದು, ಕೂಡಿ ಉಂಡ ತಪ್ಪಿಗಾಗಿ ಕಲ್ಯಾಣ ಹತ್ತಿ ಉರಿಯಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಅದು ಉರಿಯಿತು ಎಂದು ಪರಂಪರೆ ಹೇಳುತ್ತದೆ. ಬೆರೆಯುವುದಕ್ಕೆ ಸಮಾಜ ಎಲ್ಲಿಯವರೆಗೆ ಪರವಾನಗಿ ಕೊಡುತ್ತದೆ, ಎಲ್ಲಿ ಕತ್ತಿ ಹಿರಿಯುತ್ತದೆ ಎಂಬುದರ ಗಡಿಗಲ್ಲು ಅದು. ಮೊಹರಂನ ಹತ್ತು ದಿನದ ಬೆರೆಯುವಿಕೆ ಆ ಗಡಿಗಲ್ಲಿನ ಈಚೆಗೇ ಇದೆ. ಅದಕ್ಕೇ ಅದು ಇಷ್ಟು ಕಾಲ ಬದುಕಿದೆ ಎಂಬ ಕಹಿ ಅನುಮಾನವೂ ನನಗಿದೆ.

ಲೂಸಿಯಾನಾದವರು ಈ ಪರವಾನಗಿಯನ್ನು ಬಲ್ಲರು. ಟ್ರೆಮೆ ಓಣಿಯ ಕಾಂಗೋ ಚೌಕದಲ್ಲಿ ಗುಲಾಮರು ಭಾನುವಾರ ಸೇರಿ ಕುಣಿಯುತ್ತಿದ್ದರು, ಬಾರಿಸುತ್ತಿದ್ದರು, ತಾವು ತಯಾರಿಸಿದ್ದನ್ನು ಮಾರುತ್ತಿದ್ದರು. 1817ರಲ್ಲಿ ನಗರಾಡಳಿತ ಇಂಥ ಕೂಟಗಳನ್ನು ಒಂದೇ ಜಾಗಕ್ಕೆ, ಭಾನುವಾರಕ್ಕೆ ಕಟ್ಟಿಹಾಕಿತು. ಸೋಮವಾರ ಬೆಳಗಾದರೆ ಮತ್ತೆ ಮಾಲೀಕನ ಸೊತ್ತು. ಆ ಭಾನುವಾರಗಳಿಂದ ಮುಂದೆ ಹೊಮ್ಮಿದ ಸಂಗೀತವನ್ನು ಲೋಕವೆಲ್ಲ ಕೇಳುತ್ತದೆ, ಅಷ್ಟರಿಂದ ಸೋಮವಾರಗಳು ಮಾಫಿಯಾಗುವುದಿಲ್ಲ. ಹಾಗೆಂದು ಆ ಸಂಗೀತವನ್ನು ಬಿಟ್ಟುಬಿಡುವುದೂ ಬಾರಿಸಿದವರಿಗೆ ಮಾಡುವ ಇನ್ನೊಂದು ಅನ್ಯಾಯ. ಅವರ ಪಾಲಿಗೆ ಅದು ಯಜಮಾನ ಕೊಟ್ಟ ಬಿಡುವಿನಲ್ಲಿ ಅವರು ಸ್ವಂತಕ್ಕೆ ಸಾಕಿಕೊಂಡದ್ದು.

ಹೀಗೆ ನೋಡಿದರೆ ಹಲಗಿ ನಿಂತುಹೋದ ಊರುಗಳೂ ಹಬ್ಬದ ಚರಿತ್ರೆಯೊಳಗೇ ಬರುತ್ತವೆ. 1970ರ ದಶಕದಿಂದ ಈಚೆಗೆ ದಲಿತ ಚಳವಳಿ ಬಿಟ್ಟಿ ಚಾಕರಿಯ ಹಲಗಿಯನ್ನು ಕೆಳಗಿಡಿ ಎಂದಿತು, ಎಷ್ಟೋ ಕೇರಿಗಳು ಇಟ್ಟವು. ಜಾಗಕ್ಕೆ ಬ್ಯಾಂಡು ಬಂತು, ಈಗ ಡಿಜೆ ಬಂದಿದೆ. ಹಳೆಯ ಲಯ ಹೋಯಿತೆಂದು ಮರುಗುವವರಲ್ಲಿ ನಾನೂ ಒಬ್ಬಳೇ, ಡಿಜೆಯ ಎದುರು ನಿಂತರೆ ನನಗೆ ಎದೆಬಡಿತ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಆದರೆ ಆ ಲಯದ ಬೆಲೆಯನ್ನು ಒಂದೇ ಕೇರಿ ಕಟ್ಟಬೇಕು ಎನ್ನುವ ಹಕ್ಕು ಮರುಗುವವರಿಗಿಲ್ಲ. ತಮಟೆ ವಾದಕ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದೇ ಚರ್ಮದ ವಾದ್ಯ ಒಂದು ಕಡೆ ಮನ್ನಣೆ, ಇನ್ನೊಂದು ಕಡೆ ಅವಮಾನದ ಗುರುತು. ಎರಡರ ನಡುವಿನ ಅಂತರ ಕಲೆಯದ್ದಲ್ಲ. ಬೇಡ ಎನ್ನುವ ಸ್ವಾತಂತ್ರ್ಯ ಬಾರಿಸುವವನಿಗೆ ಇದೆಯೇ ಇಲ್ಲವೇ ಎಂಬುದರದ್ದು.

ಹೆಂಗಸರ ಪಾಲನ್ನೂ ಹೇಳಬೇಕು, ಅದು ಯಾವಾಗಲೂ ಕೊನೆಗೆ ಬರುತ್ತದೆ. ಪಂಜಾ ಹೊರುವವರು, ಕುಣಿಯುವವರು, ಹಾಡಿನ ಮೇಳದವರು ಬಹುಪಾಲು ಗಂಡಸರು. ಚೊಂಗೆ ಒತ್ತುವ ಕೈ, ಹರಕೆ ಹೊರುವ ಬಾಯಿ ಹೆಂಗಸರದು. ಹಲಸಂಗಿ ಆಗ ಇಂಡಿ ತಾಲೂಕಿನ ಹಳ್ಳಿ. ಅಲ್ಲಿಯ ಗೆಳೆಯರು ಹಳ್ಳಿಯ ಹೆಂಗಸರ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಧೂಲಾಸಾಹೇಬರೂ ಇದ್ದರು. ಅದನ್ನು ಆಗ ಯಾರೂ ಭಾವೈಕ್ಯದ ಯೋಜನೆ ಎಂದು ಕರೆದಂತಿಲ್ಲ. ಅದು ಗೆಳೆಯರ ಕೆಲಸ. ಆ ಹೆಂಗಸರೇ ಹೊಲಿಯುವ ಕೌದಿಯನ್ನು ನೋಡಿ. ಹರಿದ ಸೀರೆ, ತೀರಿಹೋದವರ ಧೋತರ, ಕೂಸಿನ ಅಂಗಿ, ಎಲ್ಲವನ್ನೂ ತುಂಡುತುಂಡಾಗಿ ಜೋಡಿಸುತ್ತಾರೆ. ಅದರಲ್ಲಿ ಯಾವ ತುಂಡೂ ಕರಗುವುದಿಲ್ಲ, ಹೊಲಿಗೆ ಎದ್ದು ಕಾಣುತ್ತದೆ. ಆಫ್ರಿಕ ಮೂಲದ ಉತ್ತರ ಕನ್ನಡದ ಸಿದ್ದಿ ಹೆಂಗಸರೂ ಇಂಥದೇ ಕೌದಿ ಹೊಲಿಯುತ್ತಾರೆ. ಅದು ಅಲ್ಲಿಂದ ಬಂತೋ ಇಲ್ಲೇ ಕಲಿತದ್ದೋ ಎಂಬ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಚಳಿಗೆ ಯಾರು ಹೊದೆಯುತ್ತಾರೆ, ಯಾರಿಗೆ ಸಾಲದೆ ಬರುತ್ತದೆ ಎಂಬುದರಲ್ಲಿದೆ.

ಚಾಂದ್ರಮಾನದ ಈ ಹಬ್ಬ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಸುಮಾರು 33 ವರ್ಷದಲ್ಲಿ ಒಕ್ಕಲುತನದ ಎಲ್ಲ ಕಾಲಗಳನ್ನೂ ಸುತ್ತಿಬರುತ್ತದೆ. 2025ರಲ್ಲಿ ಅದು ಜುಲೈ ಆರಂಭಕ್ಕೆ, ಮುಂಗಾರಿನ ಹೊಲಕ್ಕೆ ಬಿತ್ತು. ಮುದ್ದೇಬಿಹಾಳ ಕಡೆಯ ಒಂದು ಸಣ್ಣ ಊರಿನಲ್ಲಿ ಆ ಸಲ ಹಲಗಿಯಿರಲಿಲ್ಲ. ಕೇರಿಯ ಹುಡುಗರು ಬಾರಿಸಲು ಬರುವುದಿಲ್ಲ ಎಂದು ಹಿಂದಿನ ವರ್ಷವೇ ಹೇಳಿಬಿಟ್ಟಿದ್ದರಂತೆ. ಹತ್ತನೆಯ ದಿನ ದೇವರು ಹೊಳೆಗೆ ಹೊರಟಾಗ ಅವರು ದಾರಿಯಲ್ಲಿ ಮೇಜು ಹಾಕಿ, ಎರಡು ಸ್ಟೀಲ್ ಡ್ರಮ್ಮಿನಲ್ಲಿ ಬೆಲ್ಲದ ಶರಬತ್ತು ತುಂಬಿ, ಬಂದವರಿಗೆಲ್ಲ ಲೋಟದಲ್ಲಿ ಕೊಡುತ್ತಿದ್ದರು. ಈ ಕೆಲಸ ಅವರ ಮನೆತನಕ್ಕೆ ಯಾರೂ ಹಂಚಿಕೊಟ್ಟದ್ದಲ್ಲ. ಪಂಜಾ ಹೊತ್ತವರು ನಿಂತು ಕುಡಿದರು, ಫಕೀರರಾದ ಹುಡುಗರು ಎರಡೆರಡು ಲೋಟ ಕುಡಿದರು. ಬಿಳಿ ಅಂಗಿಯ ಮೂವರು ಹಿರಿಯರು ಮೇಜಿನ ಹತ್ತಿರ ಬಂದಾಗ ಮಾತ್ರ ಮೆರವಣಿಗೆಯ ಆ ಬದಿಗೆ ಸರಿದರು. ಡ್ರಮ್ಮಿನ ಹಿಂದೆ ನಿಂತ ಹುಡುಗ ಅದನ್ನು ಕಂಡ. ಲೋಟ ತುಂಬಿಸಿ ಮೇಜಿನ ತುದಿಗೆ ಇಟ್ಟು, ಮುಂದಿನವರಿಗೆ ಕೈಚಾಚಿದ. ಮೂರು ಲೋಟಗಳು ಅಲ್ಲೇ ಇದ್ದವು. ಸ್ವಲ್ಪ ಹೊತ್ತಿಗೆ ಅದರಲ್ಲೊಬ್ಬ ಹಿರಿಯನ ಮೊಮ್ಮಗಳು ಓಡಿಬಂದು ಒಂದನ್ನು ಎತ್ತಿಕೊಂಡು ಕುಡಿದಳು.